ಹಿಂಬಾಗಿಲಿಂದ ಬಂದವಳು

ಸಿಂಗಪುರ
ಆಗಸ್ಟ್ ೧೧, ೨೦೧೯, ಭಾನುವಾರ

ಪ್ರೀತಿಯ ಹುವಾತ್,

ಕಾಗದ ನೋಡಿ ಗಾಬರಿಯಾಗಬೇಡ. ನನಗೇನೂ ಆಗಿಲ್ಲ. ಮದುವೆಯಾದಂದಿನಿಂದ ನಾನು ನಿನಗೆ ಬರೆದದ್ದೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳು ಮಾತ್ರ. ‘ಮೀನು ಕೆಳಗಿನ ಡಬ್ಬಿಯಲ್ಲಿದೆ’, ‘ವ್ಯಾನಿನ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸು’, ಅಷ್ಟೇ. ಫೋನು ಮಾಡೋಣವೆಂದರೆ ಊಟವಾಯಿತಾ ಅಂತ ಕೇಳಿ ಮುಗಿಸುವಷ್ಟರಲ್ಲಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಸಿಟ್ಟು ಬಂದಿರುತ್ತದೆ. ಸಂದೇಶ ಕಳಿಸೋಣವೆಂದರೆ ನಿನ್ನ ಕನ್ನಡಕ ಸಿಕ್ಕುವುದಿಲ್ಲ, ನಿನ್ನ ಗೆಳೆಯ ಯೂಸೋಫ್ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಾನೆ, ಬಂದರಿನಲ್ಲಿ ಕ್ರೇನು ನಡೆಸಿದ ಗಂಟಲು ಅವನದು, ನಿಮ್ಮ ಆ ನಾಲ್ಕನೇ ಮಹಡಿಯ ಅಷ್ಟೂ ಮನೆಗಳಿಗೆ ನಮ್ಮ ಸಂಸಾರ ಕೇಳಿಸುತ್ತದೆ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹುಡುಕಿ ನೀನೇ ಓದು.

ವಿಷಯ ಇಷ್ಟೇ. ಈ ಮನೆ ಮಾರಬೇಕೆಂದಿದ್ದೇನೆ. ಮನೆ ಇಬ್ಬರ ಹೆಸರಿನಲ್ಲಿರುವುದರಿಂದ ನಿನ್ನ ಸಹಿಯೂ ಬೇಕು. ಏಜೆಂಟ್ ಹುಡುಗಿ ಕಾಗದಪತ್ರ ತೆಗೆದುಕೊಂಡು ಈ ವಾರ ನಿನ್ನ ಹತ್ತಿರ ಬರುತ್ತಾಳೆ, ಅವಳನ್ನು ಸುಮ್ಮನೆ ಸತಾಯಿಸಬೇಡ. ಕಾರಣ ಕೇಳಿದರೆ, ನಿರ್ವಹಣೆಯ ಖರ್ಚು ಏರುತ್ತಲೇ ಇದೆ, ಒಬ್ಬಳೇ ಇಷ್ಟು ನೆಲ ಒರೆಸಲಾಗುವುದಿಲ್ಲ, ನನ್ನ ಮಂಡಿ ನೋವು ಜಾಸ್ತಿಯಾಗಿದೆ. ಇಷ್ಟು ಸಾಕೆನಿಸಿದರೆ ಇಲ್ಲಿಗೇ ಓದುವುದು ನಿಲ್ಲಿಸಿ ಸಹಿ ಹಾಕಿಬಿಡು.

ನೀನು ನಿಲ್ಲಿಸುವವನಲ್ಲ ಎಂದು ಗೊತ್ತು. “ಮಂಡಿ ನೋವು ಅಂತ ಯಾರಾದರೂ ಲಿಫ್ಟಿರೋ ಮನೆ ಮಾರ್ತಾರೇನೇ ಮುದುಕಿ?” ಎಂದು ನೀನು ಈಗ ಗೊಣಗುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ.

ಮೊದಲು ಸಣ್ಣಪುಟ್ಟದ್ದು ಹೇಳಿಬಿಡುತ್ತೇನೆ. ನಿನ್ನ ಡ್ರಿಲ್ ಮೆಷಿನ್ನು, ಪರದೆಯ ಕಂಬಿ ಕತ್ತರಿಸುವ ಗರಗಸ ಎಲ್ಲ ಅಡುಗೆಮನೆಯ ಹಿಂದಿನ ಕಪಾಟಿನಲ್ಲಿ ಹಾಗೇ ಇವೆ. ಹೊಸ ಗಿರಾಕಿಗಳ ಕೆಲಸ ನಾನು ಒಪ್ಪುತ್ತಿಲ್ಲ, ಹಳಬರದ್ದು ಮಾತ್ರ. ಪರದೆ ಹೊಲಿದುಕೊಡುತ್ತೇನೆ, ಕಂಬಿ ಹೊಡೆಯಲು ಅವರೇ ಯಾರನ್ನಾದರೂ ಕರೆಸಿಕೊಳ್ಳುತ್ತಾರೆ. ಮೊನ್ನೆ ಒಬ್ಬ ಹೊಡೆದದ್ದು ನೋಡಿದೆ, ಒಂದು ಕಡೆ ಇಳಿಜಾರು. ಚೀನೀ ಪಂಚಾಂಗದ ಏಳನೇ ತಿಂಗಳಲ್ಲವೇ, ಸತ್ತವರು ಮನೆಗೆ ಬರುವ ಕಾಲ, ನಿನ್ನ ಅಮ್ಮನಿಗೆ ಕಾಗದದ ಬಟ್ಟೆ, ಕಾಗದದ ಹಣ ಸುಟ್ಟೆ. ಇಲ್ಲಿ ಅದಕ್ಕೆ ಕಾರು ನಿಲ್ಲಿಸುವ ಜಾಗದ ಹಿಂದೆ ಒಂದು ಮೂಲೆ ಕೊಟ್ಟಿದ್ದಾರೆ. ನಾನು ಸುಡುವಷ್ಟು ಹೊತ್ತೂ ಕಾವಲುಗಾರ ನೀರಿನ ಪೈಪು ಹಿಡಿದು ಪಕ್ಕದಲ್ಲೇ ನಿಂತಿದ್ದ. ನಿನ್ನ ಅಮ್ಮ ಬಂದಿದ್ದರೂ ಹೆದರಿ ಓಡಿಹೋಗಿರುತ್ತಾಳೆ. ಅವನು ನಿನ್ನನ್ನು ಕೇಳಿದ. “ಅಂಕಲ್ ಬಹಳ ದಿನದಿಂದ ಕಾಣ್ತಿಲ್ಲವಲ್ಲ?” ಮಲೇಷ್ಯಾದ ಬಾತು ಪಹಾತಿನಲ್ಲಿ ಅಣ್ಣನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾರೆ ಎಂದೆ. ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ನಿನಗೆ ಅಣ್ಣನೇ ಇಲ್ಲ ಎಂಬುದು ಇಲ್ಲಿ ಯಾರಿಗೆ ಗೊತ್ತು?

ಈಗ ನಿಜ ಹೇಳುತ್ತೇನೆ.

ನೀನು ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು ಟೋವಾ ಪಾಯೋಗೆ, ನಮ್ಮ ಹಳೆಯ ಕಾರಿಡಾರಿಗೇ, ಯೂಸೋಫನ ಮನೆಯ ಖಾಲಿ ಕೋಣೆಗೆ ಹೋದ ಮೇಲೆ ನಾನು ಸುಖವಾಗಿಯೇ ಇದ್ದೆ. ಸುಳ್ಳಲ್ಲ, ಮೊದಲ ಕೆಲವು ವಾರ ನಿಜಕ್ಕೂ ಸುಖವಾಗಿದ್ದೆ. ನೀನು ಹೋಗುವಾಗ ಹೇಳಿದೆಯಲ್ಲ, “ಇದು ಮನೆಯಲ್ಲ ಗ್ಯೋಕ್ ಚೂ, ದುಬಾರಿ ಹೋಟೆಲು. ಹೋಟೆಲಲ್ಲಾದರೂ ಬೆಳಿಗ್ಗೆ ತಿಂಡಿ ಕೊಡ್ತಾರೆ” ಅಂತ, ಆ ಮಾತಿಗೆ ಬಂದ ಸಿಟ್ಟೇ ನನ್ನನ್ನು ಅಷ್ಟು ದಿನ ನಡೆಸಿತು. ಅರ್ಧ ಆಯುಸ್ಸು ಬೇರೆಯವರ ಕಿಟಕಿ ಅಳೆದವಳು ನಾನು. ಕುತ್ತಿಗೆಗೆ ಟೇಪು ಹಾಕಿಕೊಂಡು, ಬರಿಗಾಲಿನಲ್ಲಿ, ಅವರ ನೆಲ ಕೊಳೆಯಾಗದಂತೆ ತುದಿಗಾಲಲ್ಲಿ ನಡೆದು. ಈ ಇಪ್ಪತ್ತೊಂಬತ್ತನೇ ಮಹಡಿಯ ಕಿಟಕಿಗೆ ನನ್ನದೇ ರೇಷ್ಮೆ ಪರದೆ ಹಾಕಿ, ಸಂಜೆ ಎಳೆದು, ಬೆಳಿಗ್ಗೆ ಸರಿಸಿ, ನದಿ ನೋಡುತ್ತಾ ಕಾಫಿ ಕುಡಿಯುವಾಗ ನನಗೆ ಯಾರ ನೆನಪೂ ಆಗುತ್ತಿರಲಿಲ್ಲ. ನಿನ್ನದೂ ಸೇರಿ.

ಆಮೇಲೆ ಒಂದು ದಿನ ಬ್ಯಾಂಕಿನಿಂದ ಯಾರೋ ಫೋನು ಮಾಡಿದರು. ಹಲೋ ಎನ್ನಲು ಹೋದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಶೀತವಾಗಿರಲಿಲ್ಲ. ಎಷ್ಟೋ ದಿನದಿಂದ ಯಾರ ಜೊತೆಯೂ ಮಾತಾಡಿರಲಿಲ್ಲ, ಅಷ್ಟೇ. ಇಲ್ಲಿ ಲಿಫ್ಟು ನೇರವಾಗಿ ನಮ್ಮ ಮನೆಯೊಳಗೇ ಬಂದು ತೆರೆದುಕೊಳ್ಳುತ್ತದಲ್ಲ, ಕೊಳ್ಳುವಾಗ ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತ್ತು. ನೆರೆಮನೆಯ ಬಾಗಿಲು ಕಾಣಿಸುವುದೇ ಇಲ್ಲ. ಅವರಿಗೆ ಅವರ ಲಿಫ್ಟು, ನಮಗೆ ನಮ್ಮದು. ಒಂದೇ ಮಹಡಿಯ ಎರಡು ಮನೆ ಕೂಡುವುದು ಅಡುಗೆಮನೆಯ ಹಿಂದೆ, ಕಸ ಹಾಕುವ ಜಾಗದಲ್ಲಿ, ಕೆಲಸದವರು ಓಡಾಡುವ ಮೆಟ್ಟಿಲ ಹತ್ತಿರ ಮಾತ್ರ.

ಆ ಹಿಂಬಾಗಿಲಿಂದಲೇ ಅವಳು ಬಂದದ್ದು.

ಚೀನೀ ಹೊಸ ವರ್ಷ ಕಳೆದು ಸ್ವಲ್ಪ ದಿನವಾಗಿತ್ತು. ಮಧ್ಯಾಹ್ನ ಮೀನು ಹುರಿಯುತ್ತಿದ್ದೆ. ಹೊಗೆ ಹೋಗಲೆಂದು ಹಿಂಬಾಗಿಲು ತೆರೆದಿಟ್ಟಿದ್ದೆ. ತಿರುಗಿ ನೋಡಿದರೆ ಒಬ್ಬ ಮುದುಕಿ ಅಡುಗೆಮನೆಯೊಳಗೆ ನಿಂತಿದ್ದಾಳೆ. ಎಂಬತ್ತು ದಾಟಿರಬೇಕು. ಒಳ್ಳೆಯ ಹತ್ತಿಯ ಅಂಗಿ, ಬಾಚಿದ ಬಿಳಿ ಕೂದಲು, ಚಪ್ಪಲಿ ಮಾತ್ರ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನನ್ನ ಮುಖ ನೋಡಿ ಅಪ್ಪಟ ತಿಯೋಚ್ಯೂ ಚೀನೀ ಮಾತಿನಲ್ಲಿ ಹೇಳಿದಳು, “ಅಮ್ಮಾ, ಹಸಿವಾಗ್ತಿದೆ.”

ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನಾನು ತಿರುಗಿ ನೋಡಿದೆ.

ಅಷ್ಟರಲ್ಲಿ ಅವಳನ್ನು ಹುಡುಕಿಕೊಂಡು ಕೆಲಸದ ಹುಡುಗಿ ಓಡಿಬಂದಳು. ಬರ್ಮಾದವಳು, ಹೆಸರು ಖಿನ್ ಮೇ. “ಸಾರಿ ಆಂಟಿ, ಪೊಪೊಗೆ ಮರೆವು. ಮೀನಿನ ವಾಸನೆ ಬಂದರೆ ನಿಲ್ಲೋದಿಲ್ಲ” ಎಂದು ಕೈಹಿಡಿದು ಎಳೆದಳು. ಪೊಪೊ, ಅಂದರೆ ಅಜ್ಜಿ, ಅಲುಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ನಾನು ಗಂಜಿ ಬಡಿಸಿದೆ. ಉಪ್ಪು ಮೊಟ್ಟೆ, ಒಣಗಿಸಿದ ಮೂಲಂಗಿ, ಮೀನು. ತಲೆ ಎತ್ತದೆ ತಿಂದಳು. ಮುಳ್ಳು ಬಿಡಿಸಲು ಗೊತ್ತಾಗದೆ ನನ್ನ ಮುಖ ನೋಡಿದಳು. ಬಿಡಿಸಿಕೊಟ್ಟೆ.

ಮಾರನೆಯ ದಿನ ನಾನು ಬೇಕೆಂದೇ ಮೀನು ಹುರಿದೆ.

ಹೀಗೆ ಶುರುವಾಯಿತು. ಮಧ್ಯಾಹ್ನವಾದರೆ ಪೊಪೊ ಹಿಂಬಾಗಿಲಿಂದ ಬರುತ್ತಿದ್ದಳು. ಅವಳ ಮಗ ಆಫೀಸಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಖಿನ್ ಮೇಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಇವಳು ಎದ್ದೆದ್ದು ಓಡಾಡುತ್ತಾಳೆ. ಆದ್ದರಿಂದ ಪೊಪೊ ನನ್ನಲ್ಲಿದ್ದಾಗ ಆ ಹುಡುಗಿ ನನ್ನ ಸೋಫಾದ ಮೇಲೆ ಹೆಣದ ಹಾಗೆ ಬಿದ್ದು ನಿದ್ದೆ ಹೊಡೆಯುತ್ತಿದ್ದಳು. ನಾನು ಮೆಷಿನ್ನಿನ ಮುಂದೆ ಕೂರುತ್ತಿದ್ದೆ. ಪೊಪೊಗೆ ಲೈನಿಂಗ್ ಬಟ್ಟೆಯ ತುಂಡುಗಳನ್ನು ಕೊಟ್ಟರೆ ಅಂಚಿಗೆ ಅಂಚು ಕೂಡಿಸಿ ಮಡಿಸಿಡುತ್ತಿದ್ದಳು. ನಾನು ಅವನ್ನು ಬಿಡಿಸಿ ಮತ್ತೆ ಕೊಡುತ್ತಿದ್ದೆ. ಅವಳಿಗೆ ಬೇಸರವಾಗುತ್ತಿರಲಿಲ್ಲ. “ಅಮ್ಮಾ, ಮುಗೀತು, ನೋಡು” ಎಂದು ತೋರಿಸುವಳು. “ಜಾಣೆ” ಎನ್ನುತ್ತಿದ್ದೆ. ಒಮ್ಮೆ ನನ್ನನ್ನು ಗದರಿಸಿಯೂ ಬಿಟ್ಟಳು: “ನಿನ್ನೆ ಯಾಕೆ ಬರಲಿಲ್ಲ? ಸ್ಕೂಲಿನ ಗೇಟಿನ ಹತ್ತಿರ ಎಷ್ಟು ಹೊತ್ತು ಕಾದೆ ಗೊತ್ತಾ? ಎಲ್ಲರ ಅಮ್ಮಂದಿರೂ ಬಂದರು.” ಮೆಷಿನ್ನು ನಿಲ್ಲಿಸಿ ಅವಳ ಕೈ ಹಿಡಿದುಕೊಂಡೆ. ಮಳೆ ಬಂತು, ಬಸ್ಸು ಸಿಗಲಿಲ್ಲ ಎಂದೆ. “ಇನ್ನು ಮೇಲೆ ಹಾಗೆ ಮಾಡಬೇಡ” ಎಂದಳು. ಮಾಡುವುದಿಲ್ಲ ಎಂದೆ.

ಹುವಾತ್, ಇದನ್ನು ಓದುವಾಗ ನಿನ್ನ ಮನಸ್ಸು ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ಗೊತ್ತು. ನನ್ನದೂ ಅಲ್ಲಿಗೇ ಹೋಯಿತು. ನಾವಿಬ್ಬರೂ ಅದರ ಬಗ್ಗೆ ಒಮ್ಮೆಯೂ ಸರಿಯಾಗಿ ಮಾತಾಡಿಲ್ಲ. ಇವತ್ತು ಬರೆದುಬಿಡುತ್ತೇನೆ.

ಐದು ತಿಂಗಳ ಬಸಿರಿನಲ್ಲೇ ನಮ್ಮ ಮಗು ಹೋಯಿತಲ್ಲ, ನಾನು ಆಸ್ಪತ್ರೆಯಿಂದ ಬಂದ ದಿನ ಟೋವಾ ಪಾಯೋದ ಕಾರಿಡಾರಿನ ಅಷ್ಟೂ ಬಾಗಿಲು ತೆರೆದಿದ್ದವು. ಲಿಫ್ಟಿನಿಂದ ನಮ್ಮ ಮನೆಯವರೆಗೆ ನಾನು ಆ ಬಾಗಿಲುಗಳ ಮುಂದೆ ನಡೆದು ಬಂದೆ. ಎಲ್ಲರೂ ನೋಡಿದರು. ಆಮೇಲೆ ಒಬ್ಬೊಬ್ಬರೇ ಸೂಪು ತಂದರು. ಕರಿಕೋಳಿಯ ಸೂಪು, ಕೆಂಪು ಖರ್ಜೂರದ ಸೂಪು, ಆಗ ಇನ್ನೂ ಇದ್ದ ಯೂಸೋಫನ ಹೆಂಡತಿ ಶುಂಠಿ ಅರೆದು ಹಚ್ಚಲು ತಂದಳು. ನೀನು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿದು ಪಾತ್ರೆ ತೆಗೆದುಕೊಂಡೆ. “ಎಂಥ ಜನ ನೋಡು ಗ್ಯೋಕ್ ಚೂ, ಯಾರಿಗುಂಟು ಇಂಥ ನೆರೆಹೊರೆ” ಎಂದೆ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಿನಗೆ ಕಂಡದ್ದು ಸೂಪು. ನನಗೆ ಕಂಡದ್ದು ಆ ಸೂಪಿನ ಹಿಂದೆ ಕೋಣೆಯೊಳಗೆ ಇಣುಕುತ್ತಿದ್ದ ಕಣ್ಣುಗಳು.

ಆಮೇಲೆ ವರ್ಷವರ್ಷವೂ ಆ ಮೂಲೆಮನೆಯ ಸೋ ಕೆಂಗ್. ನಾನು ಬಟ್ಟೆ ಒಣಗಿಸುವ ಕೋಲನ್ನು ಕಿಟಕಿಯಿಂದ ಹೊರಗೆ ಚಾಚುವುದನ್ನೇ ಕಾದಿರುತ್ತಿದ್ದಳು. “ನಿನ್ನ ಕೋಲಿನ ಮೇಲೆ ಚಿಕ್ಕ ಬಟ್ಟೆ ಕಾಣೋದು ಯಾವಾಗ ಗ್ಯೋಕ್ ಚೂ? ಬರೀ ಗಂಡನ ಬನಿಯನ್ನೇ ನೋಡಿ ನೋಡಿ ಸಾಕಾಯ್ತು.” ಅವಳು ಕೆಟ್ಟವಳೇನಲ್ಲ, ನಗಿಸಲೆಂದೇ ಹೇಳುತ್ತಿದ್ದಳು. ನೀನೂ ನಗುತ್ತಿದ್ದೆ. ನಾನು ಒಳಗೆ ಹೋಗಿ ಮೆಷಿನ್ನು ತುಳಿಯುತ್ತಿದ್ದೆ. ಪ್ರತಿ ಸಲ ದೊಡ್ಡ ಮನೆಗಳಿಗೆ ಅಳತೆಗೆ ಹೋದಾಗಲೂ ನಾನು ನೋಡುತ್ತಿದ್ದದ್ದು ಅಮೃತಶಿಲೆಯನ್ನಲ್ಲ, ಈಜುಕೊಳವನ್ನಲ್ಲ. ಇಲ್ಲಿ ಯಾರೂ ಯಾರ ಬಟ್ಟೆಯನ್ನೂ ನೋಡುವುದಿಲ್ಲ ಎಂದು ನೋಡುತ್ತಿದ್ದೆ. ನಾನು ದುಡಿದದ್ದು ಶೋಕಿಗಲ್ಲ ಹುವಾತ್. ಯಾರೂ ನನ್ನನ್ನು ಏನೂ ಕೇಳದ ಒಂದು ಜಾಗ ಬೇಕಾಗಿತ್ತು. ನೀನು ‘ಇವಳಿಗೆ ದೊಡ್ಡಸ್ತಿಕೆಯ ಹುಚ್ಚು’ ಎಂದುಕೊಂಡೆ. ನಾನೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ. ಅದನ್ನು ಒಪ್ಪಿಕೊಳ್ಳುವುದು ಸುಲಭವಿತ್ತು.

ಕೊನೆಗೂ ಅಂಥ ಜಾಗ ಸಿಕ್ಕಿತು. ಅಲ್ಲಿಗೆ ಈ ಮುದುಕಿ ಚಪ್ಪಲಿ ಅದಲುಬದಲು ಮಾಡಿಕೊಂಡು ಬಂದು ಅಮ್ಮಾ ಎಂದಳು. ನನ್ನನ್ನು ಹಾಗೆ ಕರೆದವರು ಇನ್ನು ಯಾರಿದ್ದಾರೆ ಹೇಳು. ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಗೊತ್ತಿದ್ದೂ, ಬೆಳಿಗ್ಗೆ ಎದ್ದಕೂಡಲೇ ಮಧ್ಯಾಹ್ನಕ್ಕೆ ಏನು ಮಾಡಲಿ ಎಂದು ಯೋಚಿಸತೊಡಗಿದೆ. ಮಾರ್ಕೆಟ್ಟಿಗೆ ಹೋಗಿ ಮುಳ್ಳು ಕಡಿಮೆಯಿರುವ ಮೀನು ಕೇಳಿ ತರುತ್ತಿದ್ದೆ. ಅವಳ ಅಳತೆ ತೆಗೆದು ಎರಡು ಅಂಗಿ ಹೊಲಿದೆ. ಗುಂಡಿ ಹಾಕಿಕೊಳ್ಳಲು ಬೆರಳು ಬಾರದೆಂದು ಮುಂದೆ ಗಂಟು ಕಟ್ಟುವ ದಾರ ಇಟ್ಟೆ.

ಮೇ ತಿಂಗಳ ಒಂದು ಮಧ್ಯಾಹ್ನ ಗಿರಾಕಿಯೊಬ್ಬಳ ಫೋನು ಬಂತು. ಬಣ್ಣದ ವಿಷಯಕ್ಕೆ ಒಂದೇ ಸಮನೆ ಕೊರೆಯುತ್ತಿದ್ದಳು. ಖಿನ್ ಮೇ ಸೋಫಾದಲ್ಲಿ ನಿದ್ದೆ. ನಾನು ಫೋನಿಟ್ಟು ತಿರುಗಿದರೆ ಪೊಪೊ ಇಲ್ಲ. ಮಡಿಸಿದ ಬಟ್ಟೆ ಮಾತ್ರ ಕುರ್ಚಿಯ ಮೇಲಿದೆ. ಹಿಂಬಾಗಿಲು ತೆರೆದಿದೆ. ನಾವಿಬ್ಬರೂ ಮೆಟ್ಟಿಲಿಳಿದು ಓಡಿದೆವು. ಆ ಮೆಟ್ಟಿಲಲ್ಲಿ ಕಿಟಕಿಯಿಲ್ಲ, ಬರೀ ಟ್ಯೂಬ್‌ಲೈಟು, ಕೂಗಿದರೆ ನಮ್ಮ ಕೂಗೇ ನಮಗೆ ಅಪ್ಪಳಿಸುತ್ತದೆ. ಒಂದೊಂದು ಮಹಡಿಯಲ್ಲೂ ಕಬ್ಬಿಣದ ಬಾಗಿಲು, ಎಲ್ಲವೂ ಒಳಗಿನಿಂದ ಬೀಗ. ಬಡಿದೆ. ಒಂದೂ ತೆರೆಯಲಿಲ್ಲ. ಆಗ ನನಗೆ ನಮ್ಮ ಕಾರಿಡಾರಿನ ಕೊನೆಮನೆಯ ಆ ಮೀನು ಮಾರುತ್ತಿದ್ದ ಮುದುಕನ ನೆನಪಾಯಿತು. ಬುದ್ಧಿ ಕೆಟ್ಟ ಮೇಲೆ ಅವನು ಬುಟ್ಟಿ ಹಿಡಿದು ಮಾರ್ಕೆಟ್ಟಿಗೆ ಹೊರಡುತ್ತಿದ್ದ, ದಾರಿಯಲ್ಲಿ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು, “ಇವತ್ತು ಮೀನು ಬಂದಿಲ್ಲ ತಾತ, ದೋಣಿ ನಾಳೆ ಬರುತ್ತೆ” ಎಂದು ಹೇಳುತ್ತಾ ಅವನು ಲಿಫ್ಟು ಮುಟ್ಟುವಷ್ಟರಲ್ಲಿ ವಾಪಸು ತಿರುಗಿಸಿಬಿಡುತ್ತಿದ್ದರಲ್ಲ. ಆ ಮಾತು ಹುಡುಕಿದವನು ಯೂಸೋಫ್. ನಾನೂ ಎಷ್ಟು ಸಲ ಹೇಳಿದ್ದೇನೆ.

ಪೊಪೊ ಎಷ್ಟೋ ಮಹಡಿ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಳು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. “ಅಮ್ಮಾ, ನಿನ್ನನ್ನೇ ಹುಡುಕ್ತಿದ್ದೆ” ಎಂದಳು.

ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಎರಡು ದಿನಕ್ಕೆ ಪೊಪೊಳ ಮಗ ಬಂದ. ಲಿಫ್ಟಿನಲ್ಲಿ ನಮ್ಮ ಮಹಡಿಗೆ ನಾನೇ ಒಪ್ಪಿಗೆ ಕೊಟ್ಟು ಕರೆಸಿಕೊಳ್ಳಬೇಕಲ್ಲ, ಕಾವಲುಗಾರ ಕೆಳಗಿನಿಂದ ಕೇಳಿದ, “ನಿಮ್ಮ ಪಕ್ಕದ ಮನೆಯವರು ಬಂದಿದ್ದಾರೆ, ಮೇಲೆ ಬಿಡಲಾ?” ಪಕ್ಕದ ಮನೆಯವನು ಇಪ್ಪತ್ತೊಂಬತ್ತು ಮಹಡಿ ಇಳಿದು, ಮತ್ತೆ ಇಪ್ಪತ್ತೊಂಬತ್ತು ಮಹಡಿ ಹತ್ತಿ ನನ್ನ ಮನೆಗೆ ಬಂದ. ಐವತ್ತೈದರ ಆಸುಪಾಸು, ಕೈಯಲ್ಲಿ ಕೇಕಿನ ಡಬ್ಬಿ. ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಅವನು ಜಗಳವಾಡಲಿಲ್ಲ. ಕುರ್ಚಿಯ ಅಂಚಿಗೆ ಕೂತು ಬಹಳ ಮರ್ಯಾದೆಯಿಂದ ಮಾತಾಡಿದ.

“ಆಂಟಿ, ನೀವು ಅಮ್ಮನ್ನ ಚೆನ್ನಾಗಿ ನೋಡಿಕೊಂಡಿದ್ದೀರಿ, ಖಿನ್ ಮೇ ಎಲ್ಲ ಹೇಳಿದಳು. ಆದರೆ ಅವರು ಆವತ್ತು ಬಿದ್ದಿದ್ದರೆ ನಾನು ಯಾರನ್ನ ಕೇಳಬೇಕಿತ್ತು?”

“ನನ್ನನ್ನ ಕೇಳಬಹುದಿತ್ತು” ಎಂದೆ.

“ನೀವು ಯಾರು ಅಂತಲೇ ನನಗೆ ಗೊತ್ತಿರಲಿಲ್ಲವಲ್ಲ ಆಂಟಿ.”

ಅವರು ನನ್ನನ್ನು ಅಮ್ಮ ಎಂದು ಕರೆಯುತ್ತಾರೆ ಎಂದೆ. ಅವನು ತಲೆ ತಗ್ಗಿಸಿ ತನ್ನ ಬೂಟು ಬಿಚ್ಚಿದ ಕಾಲನ್ನೇ ನೋಡುತ್ತಾ ಕೂತ. “ನನ್ನನ್ನ ಅವರು ಸಾರ್ ಅಂತಾರೆ” ಎಂದ. “ಬೆಳಿಗ್ಗೆ ತಿಂಡಿ ಕೊಟ್ಟರೆ, ಥ್ಯಾಂಕ್ಯೂ ಸಾರ್, ಬಿಲ್ ಎಷ್ಟಾಯ್ತು ಅಂತಾರೆ.”

ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಅಲ್ಲಿಗೇ ಇಳಿದುಹೋಯಿತು. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. ಹೋಗುವಾಗ ಅವನು ಬಹಳ ಸಂಕೋಚದಿಂದ ಹೇಳಿದ, ಹಿಂಬಾಗಿಲಿಗೆ ನಂಬರ್ ಒತ್ತುವ ಬೀಗ ಹಾಕಿಸುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಆ ವಾರವೇ ಆಡಳಿತ ಕಚೇರಿಯಿಂದ ಎಲ್ಲ ಮನೆಗಳಿಗೂ ಸೂಚನೆ ಬಂತು, ಹಿಂಬಾಗಿಲುಗಳನ್ನು ಸದಾ ಮುಚ್ಚಿಡಬೇಕು ಎಂದು. ಯಾರ ಹೆಸರೂ ಇರಲಿಲ್ಲ. ಇಲ್ಲಿ ಬೈಗುಳಕ್ಕೂ ಹೆಸರಿರುವುದಿಲ್ಲ.

ಬೀಗ ಬಂದ ಮೇಲೆ ಮಧ್ಯಾಹ್ನ ಅವಳು ಒಳಗಿನಿಂದ ಬಾಗಿಲು ತಟ್ಟತೊಡಗಿದಳು. ಅಂಗೈಯಿಂದ, ಮೆಲ್ಲಗೆ. “ಅಮ್ಮಾ, ಬಾಗಿಲು ತೆಗಿ.” ನಾನು ಮೆಟ್ಟಿಲ ಹತ್ತಿರ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತು ಈಚೆಯಿಂದ ಮಾತಾಡಿದೆ. ಬೀಗದ ಕೈ ಅಪ್ಪನ ಹತ್ತಿರ ಇದೆ ಮಗಳೇ, ಅಪ್ಪ ಬರಲಿ ಎಂದೆ. ಅವಳು ಸಮಾಧಾನವಾದಳು. ಏನು ಹೇಳಿದರೂ ಸಮಾಧಾನವಾಗುತ್ತಿದ್ದಳು, ಪಾಪ, ಸ್ವರ ಕೇಳಿಸಿದರೆ ಸಾಕು. ಕಸದ ತೊಟ್ಟಿಯ ವಾಸನೆಯಲ್ಲಿ ಕೂತು ನಾನು ಅವಳಿಗೆ ಇವತ್ತು ಏನಡುಗೆ, ಹೊರಗೆ ಮೋಡವಿದೆಯೋ ಬಿಸಿಲಿದೆಯೋ, ಯಾವ ಬಣ್ಣದ ಪರದೆ ಹೊಲಿಯುತ್ತಿದ್ದೇನೆ ಎಲ್ಲ ಹೇಳುತ್ತಿದ್ದೆ. ಬಾಗಿಲಿನ ಆಚೆ ಅವಳೂ ನೆಲದ ಮೇಲೆ ಕೂತಿರುತ್ತಿದ್ದಳು ಎಂದು ಖಿನ್ ಮೇ ಹೇಳಿದಳು. ಜೂನ್ ಪೂರ್ತಿ ಹೀಗೇ ನಡೆಯಿತು. ನಮ್ಮ ಕಾರಿಡಾರಿನವರು ಯಾರಾದರೂ ನೋಡಿದ್ದರೆ ಇವಳಿಗೂ ತಲೆ ಕೆಟ್ಟಿತು ಎನ್ನುತ್ತಿದ್ದರು. ನೋಡಲು ಯಾರಿದ್ದರು?

ಜುಲೈಯಲ್ಲಿ ಒಂದು ದಿನ ಸದ್ದಿಲ್ಲ. ಮಾರನೆಯ ದಿನವೂ ಇಲ್ಲ. ಮಲಗಿರಬೇಕು ಎಂದುಕೊಂಡೆ, ಜ್ವರವಿರಬೇಕು ಎಂದುಕೊಂಡೆ. ವಾರ ಕಳೆದ ಮೇಲೆ ಖಿನ್ ಮೇ ಕಸ ಹಾಕುವ ಜಾಗದಲ್ಲಿ ಸಿಕ್ಕಳು. ಕೈಯಲ್ಲಿ ಎರಡು ದೊಡ್ಡ ಚೀಲ. ಪೊಪೊಳ ಬಟ್ಟೆಗಳು. ನಾನು ಹೊಲಿದ ಅಂಗಿಗಳು ಅದರಲ್ಲಿರಲಿಲ್ಲ, ಅವನ್ನು ಜೊತೆಯಲ್ಲೇ ಕಳಿಸಿದೆ ಎಂದಳು. ವೃದ್ಧರನ್ನು ನೋಡಿಕೊಳ್ಳುವ ಯಾವುದೋ ಸಂಸ್ಥೆಗೆ ಸೇರಿಸಿದ್ದಾರಂತೆ, ಎಲ್ಲಿ ಎಂದು ಅವಳಿಗೆ ಗೊತ್ತಿಲ್ಲ. ಅವಳನ್ನೂ ಬೇರೆ ಮನೆಗೆ ಕಳಿಸುತ್ತಿದ್ದರು. “ಹೋಗುವಾಗ ಏನಾದರೂ ಹೇಳಿದರಾ?” ಎಂದು ಕೇಳಿದೆ. ಹುಡುಗಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಕಾರಿನಲ್ಲಿ ಕೂರ್ತೀನಿ ಅಂತ ಖುಷಿಯಾಗಿದ್ದರು ಆಂಟಿ.”

ಕಚೇರಿಗೆ ಹೋಗಿ ಮಗನ ನಂಬರು ಕೇಳಿದೆ. ನಿವಾಸಿಗಳ ಖಾಸಗಿ ವಿವರ ಕೊಡುವುದಿಲ್ಲ ಎಂದರು. ನನ್ನ ಮಾತನ್ನಾದರೂ ಅವನಿಗೆ ತಲುಪಿಸಿ, ಒಮ್ಮೆ ನೋಡಬೇಕು ಎಂದೆ. ಮೂರ್ನಾಲ್ಕು ದಿನದ ಮೇಲೆ ಉತ್ತರ ಬಂತು. ಅಮ್ಮ ಅಲ್ಲಿ ಹೊಂದಿಕೊಳ್ಳುತ್ತಿದ್ದಾರೆ, ಈಗ ಶಾಂತವಾಗಿದ್ದಾರೆ, ಹಳೆಯ ಪರಿಚಿತರು ನೋಡಲು ಹೋದರೆ ಮನಸ್ಸು ಮತ್ತೆ ಕಲಕುತ್ತದೆಂದು ಡಾಕ್ಟರು ಹೇಳಿದ್ದಾರೆ, ನಿಮ್ಮ ಉಪಕಾರ ಮರೆಯುವುದಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಷ್ಟು ಸಲ ಓದಿದರೂ ತಪ್ಪು ಸಿಗಲಿಲ್ಲ. ಅವಳ ನಿಜವಾದ ಹೆಸರೇನೆಂದು ಕೇಳುವುದನ್ನೇ ನಾನು ಮರೆತಿದ್ದೆ. ಇಲ್ಲಿ ಬಾಗಿಲಿಗೆ ಹೆಸರು ಹಾಕುವ ಪದ್ಧತಿಯೂ ಇಲ್ಲ.

ಇದೇ ಕಾರಣ ಹುವಾತ್. ಮಂಡಿಯಲ್ಲ.

ನೀನು ಗೆದ್ದೆ ಎಂದು ತಿಳಿಯಬೇಡ. ಆ ಕಾರಿಡಾರು ಸ್ವರ್ಗವಾಗಿತ್ತು ಎಂದು ನಾನು ಸಾಯುವವರೆಗೂ ಹೇಳುವುದಿಲ್ಲ. ಅಲ್ಲಿ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಇಲ್ಲಿ ಸುಮ್ಮನೆ ಬಿಟ್ಟುಬಿಟ್ಟಿದ್ದಾರೆ. ಎರಡನ್ನೂ ಸಾಕಷ್ಟು ನೋಡಿದ್ದಾಯಿತು. ಬೆಡೋಕಿನಲ್ಲಿ ಒಂದು ಸಾಮಾನ್ಯ ಬ್ಲಾಕಿನಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ, ಸದ್ಯಕ್ಕೆ ಬಾಡಿಗೆಗೆ. ಆರನೇ ಮಹಡಿ. ನಾನು ನೋಡಲು ಹೋದಾಗ ಪಕ್ಕದ ಮನೆಯಾಕೆ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದಳು. ನೀರು ಹಾಕುವುದು ನಿಲ್ಲಿಸದೆ ಕೇಳಿದಳು: “ಒಬ್ಬರೇನಾ? ಮಕ್ಕಳೆಷ್ಟು?” ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು, ಎದೆ ಕಲ್ಲು ಮಾಡಿಕೊಂಡೇ ಹೋಗಿದ್ದೆ. ಮಕ್ಕಳಿಲ್ಲ ಎಂದೆ. ಅವಳು “ಹೂಂ” ಎಂದು ಮುಂದಿನ ಕುಂಡಕ್ಕೆ ಹೋದಳು. ಅಷ್ಟೇ. ಇಷ್ಟು ವರ್ಷ ನಾನು ಹೆದರಿದ್ದು ಅಷ್ಟಕ್ಕೇನಾ ಎನಿಸಿತು. ಅಥವಾ ವಯಸ್ಸಾಯಿತು ನೋಡು, ಈಗ ಕೇಳುವವರಿಗೂ ಅದರಲ್ಲಿ ಆಸಕ್ತಿಯಿಲ್ಲ.

ಟೋವಾ ಪಾಯೋಗೆ ವಾಪಸು ಬರುವುದಿಲ್ಲ. ಸೋ ಕೆಂಗ್ ಬಾಗಿಲಲ್ಲಿ ನಿಂತು, “ಬಾಮ್ಮ ಮಹಾರಾಣಿ, ಅರಮನೆ ಬೇಜಾರಾಯ್ತಾ?” ಎನ್ನುವುದನ್ನು ಕೇಳಲಾರೆ. ನೀನು ಬೆಡೋಕಿಗೆ ಬಾ ಎಂದೂ ನಾನು ಹೇಳುತ್ತಿಲ್ಲ. ನಿನಗೆ ಅಲ್ಲಿ ಯೂಸೋಫನಿದ್ದಾನೆ, ಕೆಳಗೆ ಚದುರಂಗದ ಕಲ್ಲುಮೇಜಿದೆ, ಕಾಫಿ ಅಂಗಡಿಯವನಿಗೆ ನೀನು ಕೇಳುವ ಮೊದಲೇ ನಿನ್ನ ಕಾಫಿ ಗೊತ್ತು. ಮಾರಿದ ಹಣದಲ್ಲಿ ನಿನ್ನ ಪಾಲು ನಿನಗೆ ಬರುತ್ತದೆ. ಬೇಡವೆಂದು ದೊಡ್ಡಸ್ತಿಕೆ ತೋರಿಸಬೇಡ, ಅಷ್ಟೂ ಪರದೆಗಳಿಗೆ ಕಂಬಿ ಹೊಡೆದವನು ನೀನು.

ಬಿಸಿನೀರು ಕುಡಿ. ಎಣ್ಣೆಯದ್ದು ಕಡಿಮೆ ಮಾಡು. ಯೂಸೋಫನ ಕೈಯಡುಗೆ ರುಚಿಯೆಂದು ದಿನವೂ ತೆಂಗಿನಹಾಲಿನ ಪದಾರ್ಥ ತಿನ್ನುತ್ತಿರುತ್ತೀಯ ಎಂದು ನನಗೆ ಗೊತ್ತು.

ಸಹಿ ಹಾಕಿಬಿಡು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಗ್ಯೋಕ್ ಚೂ

ಮರೆತಿದ್ದೆ: ಯೂಸೋಫನ ಅಡುಗೆ ನನಗೆ ಹೇಗೆ ಗೊತ್ತು ಎಂದು ನೀನು ಕೇಳಬಹುದು. ಜುಲೈ ಕೊನೆಯಲ್ಲಿ, ಪೊಪೊಳ ಮಗನ ಉತ್ತರ ಬಂದ ದಿನ, ನಾನು ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದಿದ್ದೆ. ಸಂಜೆ ಎಲ್ಲರೂ ಒಳಗೆ ಟಿವಿ ಹಾಕಿಕೊಂಡಿದ್ದರು, ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ನಿಮ್ಮ ಕಿಟಕಿ ತೆರೆದಿತ್ತು. ನೀವಿಬ್ಬರೂ ಊಟಕ್ಕೆ ಕೂತಿದ್ದಿರಿ. ಯೂಸೋಫ್ ಏನೋ ಹೇಳಿದ, ನೀನು ಅನ್ನದ ಬಟ್ಟಲು ಕೆಳಗಿಟ್ಟು, ಕಣ್ಣೊರೆಸಿಕೊಂಡು ನಗುತ್ತಿದ್ದೆ. ಹಾಗೆ ನೀನು ನಕ್ಕದ್ದನ್ನು ನಾನು ಎಷ್ಟು ವರ್ಷದಿಂದ ನೋಡಿಲ್ಲ ಎಂದು ಯೋಚಿಸಿದೆ, ನೆನಪಾಗಲಿಲ್ಲ. ನೀನೂ ನನ್ನ ಹಾಗೇ ಒಬ್ಬನೇ ಕೂತಿರುತ್ತೀಯ ಎಂದುಕೊಂಡು ಅಷ್ಟು ದೂರ ಬಂದಿದ್ದೆ. ಹಾಗಿರಲಿಲ್ಲ. ಅದಕ್ಕೇ ಬಾಗಿಲು ತಟ್ಟಲಿಲ್ಲ.